ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಕ್ಲ್ಯಾಂಪ್ ಮೀಟರ್: ಟ್ರೇಲರ್‌ನ ವಿದ್ಯುತ್ ದೋಷ ಹುಡುಕಲು ಯಾವುದು ಮೇಲು?

ಕಾರಿಗೆ ಜೋಡಿಸಿಕೊಂಡು ಹೋಗುವ ನಮ್ಮ ಪುಟ್ಟ ಕ್ಯಾರವಾನ್ ಟ್ರೇಲರ್ ವರ್ಷದ ಬಹುಪಾಲು ದಿನ ಕಾರವಾರದಲ್ಲಿ, ಸಮುದ್ರದಿಂದ ಕೂಗಳತೆಯ ದೂರದಲ್ಲಿ ನಿಂತಿರುತ್ತದೆ. ಉಪ್ಪುಗಾಳಿಗೆ ತಾಮ್ರ ಕಿಲುಬು ಹಿಡಿಯುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಕುಲುಕಾಟಕ್ಕೆ ಒಂದೆರಡು ಸ್ಕ್ರೂ ಸಡಿಲವಾಗಿರುತ್ತವೆ. ಹೀಗೆ ಬರುವ ದೋಷಗಳನ್ನು ಹುಡುಕಲು ನಾನು ಡಿಜಿಟಲ್ ಮಲ್ಟಿಮೀಟರ್, ವಾಹನದ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್ ಮತ್ತು ತಂತಿಯನ್ನು ಬಾಯಲ್ಲಿ ಹಿಡಿದು ಡಿ.ಸಿ. ಕರೆಂಟು ಅಳೆಯಬಲ್ಲ ಕ್ಲ್ಯಾಂಪ್ ಮೀಟರ್, ಈ ಮೂರನ್ನೂ ಬಳಸಿ ನೋಡಿದ್ದೇನೆ.

ಮಾಜಾಳಿಯ ಕಡಲತೀರದಲ್ಲಿ ತಂಗಿದ್ದ ರಾತ್ರಿ 12 ವೋಲ್ಟ್ ಫ್ರಿಜ್‌ನ ಕಂಪ್ರೆಸರ್ ಗುಂಯ್ಗುಟ್ಟಿ ಮರುಕ್ಷಣವೇ ನಿಂತುಬಿಡುತ್ತಿತ್ತು. ಬ್ಯಾಟರಿಯ ಆಯಸ್ಸು ಮುಗಿದಿದೆ ಎಂದು ಮರುದಿನ ಮೆಕಾನಿಕ್ ಒಬ್ಬರು ಹೇಳಿದ್ದನ್ನು ನಂಬಿ ಹೊಸ ಬ್ಯಾಟರಿ ಹಾಕಿಸಿದೆವು. ದೋಷ ಮಾತ್ರ ಇದ್ದಲ್ಲೇ ಇತ್ತು. ಫ್ರಿಜ್ ಬಿಚ್ಚಿಟ್ಟು ಅದರ ತಂತಿಗಳ ತುದಿಗೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್, ಅಂದರೆ ತುಂಬಿದ ಲೆಡ್ ಆಸಿಡ್ ಬ್ಯಾಟರಿಯ ಅಂಕಿಯನ್ನೇ ತೋರಿಸುತ್ತಿತ್ತು. ಅದೇ ತುದಿಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದಾಗ ಬಲ್ಬು ತುಸು ಹಳದಿಯಾಗಿ, ಮಂಕಾಗಿ ಉರಿಯಿತು. ದೀಪದ ಒಂದು ತಂತಿಯನ್ನು ಫ್ರಿಜ್‌ನ ಪಾಸಿಟಿವ್‌ನಲ್ಲೇ ಬಿಟ್ಟು, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಎಳೆದ ತಂತಿಗೆ ಕೊಟ್ಟಾಗ ಬೆಳಕು ಬೆಳ್ಳಗಾಯಿತು. ದೋಷ ಅರ್ಥಿಂಗ್ ಕಡೆಗಿದೆ, ಅಂದರೆ ಟ್ರೇಲರ್‌ನ ಲೋಹದ ಚಾಸಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ಮರಳುವ ದಾರಿಯಲ್ಲಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮಲ್ಟಿಮೀಟರ್ ಸುಳ್ಳು ಹೇಳಿರಲಿಲ್ಲ. ಅದರ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್ ಇರುವುದರಿಂದ ಅದು ಎಳೆಯುವ ಕರೆಂಟು ಒಂದು ಮೈಕ್ರೋಆಂಪಿಯರ್‌ಗಿಂತ ತುಸು ಹೆಚ್ಚು, ಅಷ್ಟೇ; ಅಷ್ಟು ಕರೆಂಟು ಕಿಲುಬಿನ ಪದರವನ್ನೂ ದಾಟಿ ಬರುತ್ತದೆ. 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಬೇಡುತ್ತದೆ, ಆ ಹೊರೆ ಬಿದ್ದಾಗಲೇ ಕೆಟ್ಟ ಜೋಡಣೆ ಸಿಕ್ಕಿಬೀಳುತ್ತದೆ. ಆದರೆ ದೋಷ ಎಷ್ಟಿದೆ ಎಂದು ದೀಪ ಹೇಳಲಾರದು. ಹಾಗಾಗಿ ದೀಪವನ್ನು ಉರಿಯಲು ಬಿಟ್ಟು, ಬ್ಯಾಟರಿಯ ನೆಗೆಟಿವ್‌ಗೂ ಫ್ರಿಜ್‌ನ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರ್ ಹಿಡಿದೆ: 2.3 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಚಾಸಿಗೆ ಬಿಗಿದಿದ್ದ ಲಗ್ (ತಂತಿಯ ತುದಿಯ ಲೋಹದ ಬಳೆ) ಬಿಚ್ಚಿ ನೋಡಿದರೆ ಒಳಮೈಯೆಲ್ಲ ಹಸಿರು ಹುಡಿ, ಬೋಲ್ಟಿನ ಸುತ್ತ ಪೊರೆಪೊರೆಯಾದ ತುಕ್ಕು. ಮರಳುಕಾಗದದಿಂದ ಲೋಹ ಹೊಳೆಯುವವರೆಗೂ ಉಜ್ಜಿ ಬಿಗಿದ ಮೇಲೆ ಅದೇ ಅಳತೆ 0.1 ವೋಲ್ಟಿಗೆ ಇಳಿಯಿತು. ಹೊಸ ಬ್ಯಾಟರಿಯ ಹಣ ವ್ಯರ್ಥವಾದ ನೋವು ನನಗೆ ಇಂದಿಗೂ ಇದೆ.

ಆದರೆ 230 ವೋಲ್ಟ್ ಕಡೆಗೆ ಈ ದೀಪವನ್ನು ಯಾವ ಕಾರಣಕ್ಕೂ ಒಯ್ಯಬಾರದು. ಅಲ್ಲಿ ಮಲ್ಟಿಮೀಟರೇ ಸರಿ. ಶಿರಸಿಯ ಬಳಿ, ಮಳೆಗಾಲದಲ್ಲಿ, ಒಂದು ಮನೆಯ ಅಂಗಳದಿಂದ ವೈರ್ ಎಳೆದು ಚಾರ್ಜರ್ ಹಚ್ಚಿದಾಗ ಅದು ಚಾಲೂ ಆಗಲೇ ಇಲ್ಲ. ಮನೆಮನೆಯಲ್ಲಿರುವ ನಿಯಾನ್ ಟೆಸ್ಟರ್ ಫೇಸ್‌ನಲ್ಲಿ ಚೆನ್ನಾಗಿಯೇ ಉರಿಯುತ್ತಿತ್ತು. ಮಲ್ಟಿಮೀಟರ್ ಮಾತ್ರ ಫೇಸ್ ಮತ್ತು ಅರ್ಥ್ ನಡುವೆ 228 ವೋಲ್ಟ್, ಫೇಸ್ ಮತ್ತು ನ್ಯೂಟ್ರಲ್ ನಡುವೆ 40ರ ಆಸುಪಾಸಿನ ತೂಗಾಡುವ ಅಂಕಿ ತೋರಿಸಿ, ಎಕ್ಸ್‌ಟೆನ್ಷನ್ ಪ್ಲಗ್ಗಿನೊಳಗೆ ಕಳಚಿಕೊಂಡಿದ್ದ ನ್ಯೂಟ್ರಲ್ ತಂತಿಯ ಸುಳಿವು ಕೊಟ್ಟಿತು. ಫೇಸ್‌ನಲ್ಲಿ ಟೆಸ್ಟರ್ ಉರಿದ ಮಾತ್ರಕ್ಕೆ ನ್ಯೂಟ್ರಲ್ ಸರಿಯಿದೆ ಎಂದಲ್ಲ ಎಂಬುದನ್ನು ಅದನ್ನೇ ನೆಚ್ಚಿಕೊಂಡವರು ತಿಳಿದಿರಬೇಕು. ಒದ್ದೆ ನೆಲದಲ್ಲಿ ನಿಂತು ಈ ಅಳತೆ ಮಾಡಬೇಡಿ. ಪ್ಲಗ್ ಬಿಚ್ಚುವ ಮೊದಲು ಅದನ್ನು ಸಾಕೆಟ್‌ನಿಂದ ಕಿತ್ತಿಡಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸರಬರಾಜು ಕಡಿಯುವ ಸ್ವಿಚ್) ಇಲ್ಲದೆ ಟ್ರೇಲರ್‌ಗೆ ಹೊರಗಿನ ಕರೆಂಟು ಕೊಡಬೇಡಿ.

ಕ್ಲ್ಯಾಂಪ್ ಮೀಟರಿನ ಬಗ್ಗೆ ನನಗಿದ್ದ ನಿರೀಕ್ಷೆ ದೊಡ್ಡದು. ತಂತಿ ಕಡಿಯದೆ, ಬಿಚ್ಚದೆ, ಸೋಲಾರ್ ಫಲಕದಿಂದ ಬರುವ ಕರೆಂಟನ್ನೋ ಇನ್ವರ್ಟರ್ ಎಳೆಯುವುದನ್ನೋ ಅಳೆಯಲು ಅದಕ್ಕೆ ಸಾಟಿಯಿಲ್ಲ. ಆದರೆ ನಿಂತ ಟ್ರೇಲರ್‌ನಲ್ಲಿ ಬ್ಯಾಟರಿ ತಾನಾಗಿ ಬರಿದಾಗುತ್ತಿದ್ದಾಗ, ಮೀಟರಿನ ಬಾಯನ್ನು ಬೇರೆ ದಿಕ್ಕಿಗೆ ತಿರುಗಿಸಿದ ಮಾತ್ರಕ್ಕೆ ಅಂಕಿ ಬದಲಾಗುತ್ತಿತ್ತು, ಏಕೆಂದರೆ ಅದು ಭೂಮಿಯ ಕಾಂತಕ್ಷೇತ್ರವನ್ನೂ ಗ್ರಹಿಸುತ್ತದೆ. ಕೊನೆಗೆ ಮಲ್ಟಿಮೀಟರನ್ನೇ ನೆಗೆಟಿವ್ ತಂತಿಯ ಸಾಲಿನಲ್ಲಿ ಜೋಡಿಸಿ, ಅದರ 10 ಆಂಪಿಯರ್ ಮಿತಿ ಮೀರದಂತೆ ಎಲ್ಲವನ್ನೂ ಆರಿಸಿದ್ದೇನೆ ಎಂದುಕೊಂಡು ಅಳೆದಾಗ 0.28 ಆಂಪಿಯರ್ ಸಿಕ್ಕಿತು. ದಿನಕ್ಕೆ ಸುಮಾರು 6.7 ಆಂಪಿಯರ್ ಅವರ್, ಅಂದರೆ 100 ಆಂಪಿಯರ್ ಅವರ್ ಬ್ಯಾಟರಿ ಒಂದು ವಾರದಲ್ಲಿ ಅರ್ಧ ಖಾಲಿ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದರೆ, ಆರಿಸಲು ಮರೆತಿದ್ದ ಇನ್ವರ್ಟರ್ ಸಿಕ್ಕಿತು.

ಕರಾವಳಿಯಲ್ಲಿ ಟ್ರೇಲರ್ ಇಟ್ಟುಕೊಂಡವರಿಗೆ ನನ್ನ ಸಲಹೆ, ಒಳ್ಳೆಯ ಮಲ್ಟಿಮೀಟರನ್ನೂ ಮನೆಯಲ್ಲೇ ಮಾಡಿದ ದೀಪವನ್ನೂ ಜೊತೆಗಿಟ್ಟುಕೊಳ್ಳಿ. ಕ್ಲ್ಯಾಂಪ್ ಮೀಟರಿಗೆ ಕೊಡುವ ಹಣವನ್ನು ಮೊದಲು ತವರ ಲೇಪಿಸಿದ ತಾಮ್ರದ ಲಗ್‌ಗಳಿಗೂ ಗ್ರೀಸಿಗೂ ಹಾಕಿ, ಚಾಸಿಯ ಪ್ರತಿಯೊಂದು ಅರ್ಥಿಂಗ್ ಬೋಲ್ಟನ್ನು ಮೇ ತಿಂಗಳೊಳಗೆ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ.