ಫಿಯರ್ ಒಂದಾ, ಎರಡಾ?

ತುಮಕೂರಿನ ಚಿಕ್ಕಪ್ಪನ ಮಗ ಕೇಳಿದ, "ಅಣ್ಣ, ಫಿಯರ್ ಅನ್ನೋ ಹೆದರಿಸೋ ಶೂಟಿಂಗ್ ಗೇಮ್‌ನಲ್ಲಿ ಯಾವುದು ತಗೊಳ್ಲಿ, ಒಂದಾ ಎರಡಾ?"

2005ರ ಮೊದಲ ಫಿಯರ್‌ನಲ್ಲಿ ಶತ್ರುಗಳೇ ಜೀವಾಳ. ನೀವು ಕಂಬದ ಹಿಂದೆ ಕೂತರೆ ಒಬ್ಬ ಗುಂಡು ಹಾರಿಸುತ್ತಾ ಅಲ್ಲೇ ಹಿಡಿದಿಡುತ್ತಾನೆ, ಇನ್ನೊಬ್ಬ ಸುತ್ತಿಕೊಂಡು ಬೆನ್ನಿಗೇ ಬರುತ್ತಾನೆ. ಗೋಡೆ ಅಂಚಿಂದ ಪಕ್ಕಕ್ಕೆ ವಾಲಿ ಇಣುಕಬಹುದು. ಆದರೆ ಅದೇ ಆಫೀಸು, ಅದೇ ಕಾರಿಡಾರು. ಬೇಜಾರಾಗುತ್ತದೆ.

2009ರ ಫಿಯರ್ 2ರಲ್ಲಿ ಆಸ್ಪತ್ರೆ, ಶಾಲೆ, ಸುಟ್ಟು ಬೂದಿಯಾದ ನಗರ ಎಲ್ಲ ಇದೆ. ಶಾಲೆಯ ಭಾಗಕ್ಕೇ ಕಾಸು ವಸೂಲು. ಟಾರ್ಚ್ ಬೆಳಕಲ್ಲಿ ಖಾಲಿ ತರಗತಿ ದಾಟುತ್ತಿದ್ದೆ, ಅಷ್ಟರಲ್ಲಿ ನಮ್ಮನೆಯಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ಮಾತ್ರ ಮಿಣಮಿಣ. "ಯಾಕೋ ಕಿರುಚಿದೆ?" ಎಂದು ಅಜ್ಜಿ ಹಾಲ್‌ನಿಂದ ಕೂಗಿದರು!

ಕೊರತೆಯೂ ಇದೆ. ವಾಲಿ ಇಣುಕೋದನ್ನು ತೆಗೆದುಬಿಟ್ಟರು, ಬದಲಿಗೆ ಮೇಜು ಉರುಳಿಸಿ ಮರೆ ಮಾಡಿಕೊಳ್ಳಬೇಕು. ಆಟದ ದೆವ್ವ ಆಲ್ಮಾ ಮೈಮೇಲೆ ಬಿದ್ದಾಗ ಬಟನ್ ಒತ್ತುತ್ತಲೇ ಇರಬೇಕು. ಮೂರನೇ ಸಲಕ್ಕೆ ಹೆದರಿಕೆ ಹೋಗಿ ಸುಮ್ನೆ ಬೆರಳುನೋವು, ಅಲ್ವಾ? ಯಂತ್ರಕವಚದೊಳಗೆ ಕೂತು ಗುಂಡಿನ ಮಳೆ ಸುರಿಸೋದು ಮಜಾ, ಆದರೆ ಅಲ್ಲಿ ಭಯ ಎಲ್ಲಿ?

ಗುಂಡಿನ ಕಾಳಗ ಬೇಕಾದರೆ ಒಂದು, ನೋಟ ಬೇಕಾದರೆ ಎರಡು. ಕಥೆ ಬೇಕಾದವರು ಮೊದಲನೆಯದು ಮುಗಿಸಿಯೇ ಬನ್ನಿ. ಅದರ ಕೊನೆಯ ಸ್ಫೋಟಕ್ಕೆ ಸ್ವಲ್ಪ ಮುಂಚೆಯೇ ಎರಡನೆಯದು ಶುರುವಾಗುತ್ತದೆ.