ಟ್ರ್ಯಾಕ್ಟರ್ ಹಿಂದಿನ ಗಾಲಿಗೆ ಭಾರ: ಬೋರ್ ನೀರು, ಬೀಡುಕಬ್ಬಿಣ, ಹೊಂಡದ ನೀರು

ನಮ್ಮದು ಗದಗ ಕಡೆಯ ಎರೆಹೊಲ. ಎರಡು ಫಾಳದ ಪಲ್ಟಿ ನೇಗಿಲು ಹೂಡಿದರೆ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ. ಡೀಸೆಲ್ ಸುಮ್ನೆ ಉರಿಯುತ್ತದೆ, ಟೈರ್ ಸವೆಯುತ್ತದೆ. ಗಾಲಿಗೆ ಭಾರ ಹಾಕಲೇಬೇಕು. ಮೂರು ಬಗೆ ಹಾಕಿ ನೋಡಿದ್ದೇನೆ.

ಮೊದಲು ಟೈರಿನ ಟ್ಯೂಬಿಗೆ ಬೋರ್ ನೀರು ತುಂಬಿದೆ. ಕೈಗೆ ಸಿಗುವುದು ಅದೇ ಅಲ್ವಾ? ನಮ್ಮದು 13.6-28 ಅಳತೆಯ ಟೈರ್. ವಾಲ್ವನ್ನು ಮೇಲಕ್ಕೆ ತಂದು ಅಲ್ಲಿವರೆಗೆ ತುಂಬಿದರೆ ಮುಕ್ಕಾಲು ಭಾಗ ನೀರು, ಉಳಿದದ್ದು ಗಾಳಿ. ಗಾಲಿಗೆ ಸುಮಾರು 180 ಲೀಟರ್, ಎರಡೂ ಸೇರಿ 360 ಕೆಜಿ. ಖರ್ಚೇ ಇಲ್ಲ. ಆದರೆ ನಮ್ಮ ಬೋರ್ ನೀರು ಸವಳು. ವಾಲ್ವಿನ ಬುಡದಲ್ಲಿ ಸಣ್ಣಗೆ ಜಿನುಗುತ್ತಿತ್ತು, ನಾನು ಬಿಟ್ಟುಬಿಟ್ಟೆ. ಮೂರನೇ ವರ್ಷ ಪಂಕ್ಚರ್‌ಗೆಂದು ಟೈರ್ ಬಿಚ್ಚಿದಾಗ ರಿಮ್ಮಿನಿಂದ ತುಕ್ಕು ಹಪ್ಪಳದ ಹಾಗೆ ಎದ್ದು ಬಂತು. ವಾಲ್ವಿನ ತೂತು ಹೆಬ್ಬೆರಳು ತೂರುವಷ್ಟು ದೊಡ್ಡದಾಗಿತ್ತು. ಹೊಟ್ಟೆ ಉರಿಯಿತು. ನೀರು ಟ್ಯೂಬಿನೊಳಗೆ ಇರುತ್ತದೆ, ರಿಮ್ಮಿಗೇನಾಗುತ್ತದೆ ಎಂದುಕೊಂಡಿದ್ದೆ. ಸೋರಿದ ನೀರು ಟ್ಯೂಬಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡರೆ ಒಣಗುವುದೇ ಇಲ್ಲ. ಉಪ್ಪಿದ್ದರೆ ತುಕ್ಕು ಇನ್ನೂ ಬೇಗ.

ತೇಪೆ ಹಾಕಿಸುವವರಿಗೆ ಒಂದು ಮಾತು: ಟೈರ್ ಪೂರ್ತಿ ಬಿಚ್ಚಿದ ಮೇಲೆಯೇ ರಿಮ್ಮಿಗೆ ವೆಲ್ಡಿಂಗ್ ಮಾಡಿಸಿ. ಟೈರ್ ಇರುವಾಗಲೇ ಕಾಯಿಸಿದರೆ, ಗಾಳಿ ಬಿಟ್ಟಿದ್ದರೂ ಸಿಡಿದು ಜೀವ ಹೋಗಬಹುದು. ನಾನು ರಿಮ್ಮನ್ನೇ ಬದಲಿಸಿದೆ.

ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಕಲಸಿದರೆ ಭಾರ ಜಾಸ್ತಿ ಎಂದು ಒಬ್ಬರು ಹೇಳಿದರು. ನಿಜ, ಲೀಟರಿಗೆ 1.3 ಕೆಜಿವರೆಗೂ ತೂಗುತ್ತದೆ. ಚಳಿ ದೇಶಗಳಲ್ಲಿ ಟೈರಿನ ನೀರು ಹೆಪ್ಪುಗಟ್ಟಬಾರದೆಂದೂ ಅದನ್ನು ಹಾಕುತ್ತಾರೆ. ನಮಗೆ ಆ ಕಷ್ಟವೇ ಇಲ್ಲ. ರಿಮ್ ತಿನ್ನುವ ಉಪ್ಪನ್ನು ದುಡ್ಡು ಕೊಟ್ಟು ತುಂಬುವುದೇಕೆ?

ಆಮೇಲೆ ಗಾಲಿಗೆ ಬೋಲ್ಟ್ ಹಾಕಿ ಕೂರಿಸುವ ಬೀಡುಕಬ್ಬಿಣದ ತೂಕ ತಂದೆ. ನಾಲ್ಕು ತುಂಡು, ಒಟ್ಟು 160 ಕೆಜಿ. ಎತ್ತಿ ಕೂರಿಸಲು ಇಬ್ಬರು ಬೇಕು, ದುಡ್ಡೂ ಬೇಕು. ಆದರೆ ರಿಮ್ಮಿನ ಚಿಂತೆ ಇಲ್ಲ. ಬಿತ್ತುವಾಗ ಬಿಚ್ಚಿಡಬಹುದು, ಹದ ಮಾಡಿದ ಮಣ್ಣು ತುಳಿತಕ್ಕೆ ಗಟ್ಟಿಯಾಗುವುದು ಕಡಿಮೆ. ಇದು ನನಗೆ ತುಂಬಾ ಹಿಡಿಸಿತು.

ಹಿಡಿತ ಎಷ್ಟು ಎಂದು ಅಳೆದೂ ನೋಡಿದೆ. ಟೈರಿಗೆ ಸುಣ್ಣದ ಗುರುತು ಹಾಕಿ 10 ಸುತ್ತು ಎಣಿಸಿದೆ. ನೇಗಿಲು ಎತ್ತಿಕೊಂಡು ಹೋದಾಗ 40 ಮೀಟರ್. ನೇಗಿಲು ಊರಿದಾಗ ಭಾರವಿಲ್ಲದೆ 29, ಬೀಡುಕಬ್ಬಿಣಕ್ಕೆ 32, ನೀರಿಗೆ 34. ಉಳುಮೆಯಲ್ಲಿ ನೂರಕ್ಕೆ 10ರಿಂದ 15ರಷ್ಟು ಜಾರಿದರೆ ಸರಿ, ಅದಕ್ಕಿಂತ ಜಾಸ್ತಿ ಜಾರಿದರೆ ನಷ್ಟ. 40 ಮೀಟರ್ ಹೋಗಬೇಕಾದಲ್ಲಿ 34 ಹೋದರೆ ನೂರಕ್ಕೆ 15 ಜಾರಿದ ಹಾಗೆ, 32 ಹೋದರೆ 20. ಆ ಲೆಕ್ಕಕ್ಕೆ ಬಂದದ್ದು ನೀರು ಮಾತ್ರ.

ಹಾಗಾಗಿ ಮತ್ತೆ ನೀರಿಗೇ ಬಂದೆ, ಆದರೆ ಕೃಷಿ ಹೊಂಡದ ಮಳೆನೀರಿಗೆ. ಹೊಸ ರಿಮ್ಮಿನ ಒಳಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಸಿ, ಹೊಸ ಟ್ಯೂಬ್ ಹಾಕಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿದೆ. ಎರಡು ವರ್ಷವಾಯಿತು. ಮಾಗಿ ಉಳುಮೆಗೆ ಮಾತ್ರ ಕಬ್ಬಿಣವನ್ನೂ ಏರಿಸುತ್ತೇನೆ. ವಾಲ್ವಿನ ಬುಡಕ್ಕೆ ವಾರಕ್ಕೊಮ್ಮೆ ಬೆರಳಿಟ್ಟು ನೋಡುತ್ತೇನೆ. ತೇವ ಕಂಡರೆ ಅವತ್ತೇ ಬಿಚ್ಚಿಸುತ್ತೇನೆ.