ವೆನಿಸ್ ‘ಲಕ್ಸುರಿ’ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ವೆನಿಸ್ ಊರೊಳಗೆ ಕಾರು ಓಡುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಪ್ಯಾಕೇಜ್ ಮಾರುವವರು ಈ ಒಂದು ಸಂಗತಿಯ ಸುತ್ತ ಎಷ್ಟೆಲ್ಲ ಮರೆಮಾಚಬಹುದು ಅನ್ನುವುದು ಅಲ್ಲಿ ಹೋಗಿ ಇಳಿದಾಗಲೇ ತಿಳಿಯುವುದು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಮದುವೆಯ ವಾರ್ಷಿಕೋತ್ಸವಕ್ಕೆಂದು ಚಿಕ್ಕದಾದರೂ ಅದ್ದೂರಿಯಾದ ಪ್ರವಾಸ ಹಾಕಿಕೊಂಡವರು ದಯವಿಟ್ಟು ಪೂರ್ತಿ ಓದಿ.

ನಮ್ಮದೂ ಅಂಥದ್ದೇ ಪ್ರವಾಸ. ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ತುಂಬಿತ್ತು. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಇದನ್ನು ಬೆಂಗಳೂರಿನ ಟ್ರಾವೆಲ್ ಏಜೆನ್ಸಿಯವರಿಗೆ ಮೊದಲೇ ಹೇಳಿದ್ದೆವು, ಮೇಲ್‌ನಲ್ಲೂ ಬರೆದಿದ್ದೆವು. ಅವರು ಕಳಿಸಿದ ಪಟ್ಟಿಯಲ್ಲಿ ವಿಮಾನ ನಿಲ್ದಾಣದಿಂದ ‘ಪ್ರೈವೇಟ್ ಟ್ರಾನ್ಸ್‌ಫರ್’, ‘ಕೆನಾಲ್ ವ್ಯೂ’ ರೂಮ್, ‘ಪ್ರೈವೇಟ್ ಗೊಂಡೋಲಾ’, ಮುರಾನೋ ದ್ವೀಪಕ್ಕೆ ಉಚಿತ ಸ್ಪೀಡ್‌ಬೋಟ್ ಎಲ್ಲ ಇತ್ತು. ಓದುವುದಕ್ಕೆ ಚೆಂದ. ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಮೋಸ.

ಮೊದಲನೆಯದು ಟ್ರಾನ್ಸ್‌ಫರ್. ಮಾರ್ಕೊ ಪೋಲೊ ವಿಮಾನ ನಿಲ್ದಾಣ ಇರುವುದು ದ್ವೀಪಗಳ ಮೇಲಲ್ಲ, ಈಚೆ ದಡದ ನೆಲದ ಮೇಲೆ. ಅಲ್ಲಿಂದ ಊರಿಗೆ ಹೋಗಲು ನೀರಿನ ದಾರಿಯೂ ಇದೆ, ರಸ್ತೆಯೂ ಇದೆ. ರಸ್ತೆಯಲ್ಲಿ ಹೋದರೆ 1933ರಲ್ಲಿ ಕಟ್ಟಿದ ಉದ್ದನೆಯ ಸೇತುವೆ ದಾಟಿ ಪಿಯಾಜಾಲೆ ರೋಮಾ ಎಂಬ ನಿಲ್ದಾಣ ಸಿಗುತ್ತದೆ. ಬಸ್ಸು, ಟ್ಯಾಕ್ಸಿ, ಎಷ್ಟೇ ದುಬಾರಿ ಕಾರಾದರೂ ಅಲ್ಲಿಗೇ ಮುಗಿಯಿತು. ನಮ್ಮನ್ನು ಕರೆದುಕೊಂಡು ಹೋಗಲು ಬಂದದ್ದು ಒಳ್ಳೆಯ ಕಪ್ಪು ಕಾರೇ. ಚಾಲಕ ಪಿಯಾಜಾಲೆ ರೋಮಾದಲ್ಲಿ ಪೆಟ್ಟಿಗೆಗಳನ್ನು ಇಳಿಸಿದ, ನಮಸ್ಕಾರ ಹೇಳಿದ, ಹೊರಟುಹೋದ. ಹೋಟೆಲ್ ಇದ್ದದ್ದು ಊರಿನ ಪ್ರಸಿದ್ಧ ಚೌಕವಿರುವ ಸಾನ್ ಮಾರ್ಕೊ ಕಡೆ. ನಡೆದು ಹೋದರೆ ಅರ್ಧ ಗಂಟೆಗೂ ಜಾಸ್ತಿ. ಜೊತೆಗೆ ಮಳೆ.

ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ. ಹೆಚ್ಚಿನವಕ್ಕೆ ಇಳಿಜಾರಿಲ್ಲ, ಮೆಟ್ಟಿಲು. ಹತ್ತಬೇಕು, ಇಳಿಯಬೇಕು, ಮತ್ತೆ ಇನ್ನೊಂದು ಸೇತುವೆ. ಚಕ್ರದ ಪೆಟ್ಟಿಗೆಯನ್ನು ಪ್ರತಿ ಸಲವೂ ಎತ್ತಿ ಹಿಡಿಯಬೇಕು. ಪಿಯಾಜಾಲೆ ರೋಮಾದ ಪಕ್ಕದಲ್ಲೇ ಇರುವ ಸೇತುವೆ 2008ರದ್ದು, ಹೆಸರಾಂತ ವಾಸ್ತುಶಿಲ್ಪಿ ಸಾಂತಿಯಾಗೊ ಕಲಾತ್ರಾವಾ ರೂಪಿಸಿದ್ದು. ಮೆಟ್ಟಿಲಿಗೆ ಗಾಜು ಹಾಕಿದ್ದಾರೆ. ಮಳೆ ಬಂದರೆ ಅದು ಜಾರುತ್ತದೆ, ಎಷ್ಟೋ ಜನ ಬಿದ್ದು ಪೆಟ್ಟು ಮಾಡಿಕೊಂಡಿದ್ದಾರೆ. ಅಮ್ಮ ಅಲ್ಲಿ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುವುದನ್ನು ನೋಡಿ ನನಗೆ ಸಿಟ್ಟು, ಸಂಕಟ ಎರಡೂ ಬಂತು. ಅಷ್ಟರಲ್ಲಿ ಒಬ್ಬ ಹತ್ತಿರ ಬಂದು, ಇಪ್ಪತ್ತು ಯೂರೋ ಕೊಟ್ಟರೆ ಪೆಟ್ಟಿಗೆ ಹೊರುತ್ತೇನೆ ಅಂದ. ಒಪ್ಪಿದೆವು. ಹೋಟೆಲ್ ಬಾಗಿಲಲ್ಲಿ ನಿಂತು, ಅದು ಒಂದು ಪೆಟ್ಟಿಗೆಯ ಲೆಕ್ಕ ಎಂದು ಜಗಳಕ್ಕೆ ನಿಂತ. ಗುರುತಿನ ಬಿಲ್ಲೆ, ಬರೆದ ದರ ಎರಡೂ ಇಲ್ಲದವರ ಕೈಗೆ ಸಾಮಾನು ಕೊಡಲೇಬೇಡಿ.

ದುಡ್ಡು ಕೊಟ್ಟು ಸುಖವಾಗಿ ಹೋಗುವ ದಾರಿ ಅಲ್ಲಿ ನಿಜವಾಗಿ ಇದೆ. ವಿಮಾನ ನಿಲ್ದಾಣದ ಹತ್ತಿರವೇ ದೋಣಿಕಟ್ಟೆ ಇದೆ, ಒಂದಿಷ್ಟು ನಡೆದರೆ ಸಾಕು. ಅಲ್ಲಿಂದ ವಾಟರ್ ಟ್ಯಾಕ್ಸಿ ಹಿಡಿದರೆ 120ರಿಂದ 150 ಯೂರೋ ಆಸುಪಾಸು ಆಗುತ್ತದೆ. ಜನ, ಪೆಟ್ಟಿಗೆ ಜಾಸ್ತಿಯಾದರೆ, ರಾತ್ರಿಯಾದರೆ ಇನ್ನಷ್ಟು. ಹೋಟೆಲ್‌ಗೆ ಸ್ವಂತ ದೋಣಿಕಟ್ಟೆ ಇದ್ದರೆ ಸೀದಾ ಬಾಗಿಲಿಗೇ ಬಿಡುತ್ತಾರೆ, ಒಂದು ಸೇತುವೆಯನ್ನೂ ಹತ್ತಬೇಕಾಗಿಲ್ಲ. ಏಜೆನ್ಸಿ ನಮ್ಮಿಂದ ತೆಗೆದುಕೊಂಡಿದ್ದು ಇದಕ್ಕಿಂತ ಜಾಸ್ತಿ. ಹಾಗಾಗಿ ವೋಚರಿನಲ್ಲಿ ‘ಪ್ರೈವೇಟ್ ಟ್ರಾನ್ಸ್‌ಫರ್’ ಅಂತ ಮಾತ್ರ ಇದ್ದರೆ ಒಪ್ಪಬೇಡಿ. ಕಾರೋ ದೋಣಿಯೋ, ಎಲ್ಲಿ ಇಳಿಸುತ್ತಾರೆ, ಅಲ್ಲಿಂದ ಹೋಟೆಲ್ ಬಾಗಿಲಿಗೆ ಎಷ್ಟು ಸೇತುವೆ, ಇಷ್ಟನ್ನೂ ಬರೆಸಿಕೊಳ್ಳಿ. ಕಡಿಮೆ ಖರ್ಚಿನಲ್ಲಿ ಆಗಬೇಕಾದರೆ ವಿಮಾನ ನಿಲ್ದಾಣದಿಂದ ಅಲಿಲಗುನಾ ಎಂಬ ಕಂಪನಿಯ ದೋಣಿ ಇದೆ. ಪಿಯಾಜಾಲೆ ರೋಮಾದಿಂದ ವಪೊರೆಟ್ಟೊ, ಅಂದರೆ ಊರಿನ ನೀರಿನ ಬಸ್ಸು, ಸಿಗುತ್ತದೆ. ಇದನ್ನು ಆ ಚಾಲಕ ಒಂದು ಮಾತು ಹೇಳಿದ್ದರೂ ಸಾಕಿತ್ತು.

ಹೋಟೆಲ್ ವಿಷಯಕ್ಕೆ ಬರೋಣ. ಅಲ್ಲಿನ ಕಟ್ಟಡಗಳು ನೂರಾರು ವರ್ಷ ಹಳೆಯವು. ಹಳೆಯ ಅರಮನೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಎಷ್ಟೋ ಹೋಟೆಲ್‌ಗಳಲ್ಲಿ ಲಿಫ್ಟ್ ಇಲ್ಲ, ಇದ್ದರೂ ಎಲ್ಲ ಮಹಡಿಗೂ ಹೋಗುವುದಿಲ್ಲ. ನಮಗೆ ಕೊಟ್ಟ ರೂಮಿಗೆ ಲಿಫ್ಟ್ ಇಳಿದ ಮೇಲೆ ಇನ್ನೂ ಕಡಿದಾದ ಮೆಟ್ಟಿಲಿತ್ತು. ಕಿಟಕಿಯಿಂದ ಕತ್ತು ಹೊರಗೆ ಚಾಚಿದರೆ ಎರಡು ಗೋಡೆಗಳ ನಡುವೆ ಒಂದು ಗೇಣು ನೀರು ಕಾಣುತ್ತಿತ್ತು. ಅದೇ ಕೆನಾಲ್ ವ್ಯೂ. ಊರಿನ ದೊಡ್ಡ ಕಾಲುವೆಯಾದ ಗ್ರ್ಯಾಂಡ್ ಕೆನಾಲ್ ಕಾಣುವ ರೂಮ್ ಬೇರೆ, ಒಳಗಿನ ಸಣ್ಣ ಕಾಲುವೆ ಕಾಣುವ ರೂಮ್ ಬೇರೆ, ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಯಾವ ಕಾಲುವೆ, ಯಾವ ಮಹಡಿ ಅಂತ ಹೋಟೆಲ್‌ಗೆ ನೀವೇ ಮೇಲ್ ಹಾಕಿ ಕೇಳಿ. ಹೆಸರಿನಲ್ಲಿ ವೆನಿಸ್ ಇದ್ದ ಮಾತ್ರಕ್ಕೆ ಹೋಟೆಲ್ ವೆನಿಸ್ ದ್ವೀಪದಲ್ಲಿ ಇರಬೇಕು ಅಂತೇನಿಲ್ಲ, ಈಚೆ ದಡದ ಮೆಸ್ತ್ರೆಯಲ್ಲೂ ಇರಬಹುದು. ವಿಳಾಸದಲ್ಲಿ ಸಾನ್ ಮಾರ್ಕೊ, ಕಾಸ್ತೆಲ್ಲೊ, ಕನ್ನರೆಜೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತಾ ಕ್ರೋಚೆ ಈ ಆರು ಭಾಗಗಳಲ್ಲಿ ಒಂದರ ಹೆಸರು ಇದೆಯೇ ನೋಡಿ. ಮನೆ ನಂಬರು ಬೀದಿಯ ಪ್ರಕಾರ ಅಲ್ಲ, ಇಡೀ ಭಾಗದ ಪ್ರಕಾರ ಸಾವಿರಗಟ್ಟಲೆ ಹೋಗುತ್ತದೆ. ಅದಕ್ಕೇ ಬರೀ ನಂಬರು ಹಿಡಿದು ಹೊರಟರೆ ರಾತ್ರಿ ಹೊತ್ತು ಅಲೆದಾಟವೇ ಗತಿ. ಹತ್ತಿರದ ವಪೊರೆಟ್ಟೊ ನಿಲ್ದಾಣ ಯಾವುದು ಎಂದು ಕೇಳಿಟ್ಟುಕೊಳ್ಳಿ.

ನನಗೆ ಅತಿ ಹೆಚ್ಚು ಬೇಸರ ತಂದದ್ದು ಮುರಾನೋ. ಗಾಜಿನ ಕುಲುಮೆಗಳಿಂದ ಊರಿಗೆ ಬೆಂಕಿ ಬಿದ್ದೀತೆಂದು 1291ರಲ್ಲಿ ವೆನಿಸ್ ಸರ್ಕಾರ ಗಾಜಿನ ಕೆಲಸವನ್ನೆಲ್ಲ ಈ ದ್ವೀಪಕ್ಕೆ ಕಳಿಸಿತು. ಅಂದಿನಿಂದ ಇಂದಿನವರೆಗೆ ಬಂದ ಕಸುಬು ಅದು. ಅಪ್ಪ ಇದನ್ನು ನೋಡಲೆಂದೇ ಕಾತರದಿಂದ ಕಾಯುತ್ತಿದ್ದರು. ಬೆಳಿಗ್ಗೆ ಉಚಿತ ಸ್ಪೀಡ್‌ಬೋಟ್ ಬಂತು, ನೇರವಾಗಿ ಒಂದು ಕಾರ್ಖಾನೆಯ ಕಟ್ಟೆಗೆ ತಂದು ನಿಲ್ಲಿಸಿತು. ಕುಲುಮೆಯ ಮುಂದೆ ಒಬ್ಬರು ಕೆಲವೇ ನಿಮಿಷದಲ್ಲಿ ಗಾಜಿನ ಕುದುರೆ ಮಾಡಿ ತೋರಿಸಿದರು. ಚೆನ್ನಾಗಿತ್ತು. ಆಮೇಲೆ ಮಹಡಿಯ ಶೋರೂಮಿಗೆ ಹತ್ತಿಸಿದರು. ಒಂದೊಂದು ಕೋಣೆ ದಾಟಿದಂತೆ ಒಬ್ಬೊಬ್ಬ ಹೊಸ ಮಾರಾಟಗಾರ. ಸಾವಿರಾರು ಯೂರೋದ ದೀಪ, ಲೋಟ. ಬೇಡ ಅಂದರೆ ಅರ್ಧ ಬೆಲೆ, ಮತ್ತೂ ಬೇಡ ಅಂದರೆ ಮುಖ ಗಂಟು. ವಯಸ್ಸಾದವರನ್ನು ಕೂರಿಸಿಕೊಂಡು, ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುತ್ತೀರಾ ಎಂದು ಕೇಳುವುದು ಸರಿಯಾ? ಏನನ್ನೂ ಕೊಳ್ಳದೆ ಕೆಳಗಿಳಿದಾಗ ವಾಪಸ್ ದೋಣಿ ಇಲ್ಲ ಎಂದುಬಿಟ್ಟರು. ಅಪ್ಪ ಅವತ್ತು ಇಡೀ ದಿನ ಮಾತಾಡಲಿಲ್ಲ.

ಮುರಾನೋಗೆ ಹೋಗಲು ಯಾರ ಉಪಕಾರವೂ ಬೇಕಿಲ್ಲ. ಫೊಂದಮೆಂತೆ ನೋವೆ ಕಟ್ಟೆಯಿಂದ 4.1, 4.2 ನಂಬರಿನ ವಪೊರೆಟ್ಟೊ ಹೋಗುತ್ತವೆ. ಅಲ್ಲಿ ಗಾಜಿನ ಮ್ಯೂಸಿಯಂ ಇದೆ, ನಿಧಾನವಾಗಿ ನೋಡಬಹುದು. ಕೊಳ್ಳಬೇಕಾದರೆ ಅಸಲಿ ಮುರಾನೋ ಗಾಜಿಗೆ ಹಾಕುವ ‘ವೆತ್ರೊ ಆರ್ತಿಸ್ತಿಕೊ ಮುರಾನೋ’ ಎಂಬ ಗುರುತು ಇದೆಯೇ ನೋಡಿಕೊಳ್ಳಿ. ಮನೆಗೇ ಕಳಿಸಿಕೊಡುತ್ತೇವೆ ಎನ್ನುವ ಮಾತಿಗೆ ಮರುಳಾಗಬೇಡಿ. ಇಲ್ಲಿ ಕಸ್ಟಮ್ಸ್ ಸುಂಕ ಕಟ್ಟಬೇಕಾಗುತ್ತದೆ, ಒಡೆದು ಬಂದರೆ ಇಟಲಿಯವರ ಜೊತೆ ಪತ್ರ ಬರೆಯುತ್ತಾ ಕೂರಬೇಕು.

ಗೊಂಡೋಲಾಗೆ ನಗರಸಭೆಯೇ ದರ ಗೊತ್ತು ಮಾಡಿದೆ. 2023ರ ನವೆಂಬರ್‌ನಿಂದ ಹಗಲು 30 ನಿಮಿಷಕ್ಕೆ 90 ಯೂರೋ, ಸಂಜೆ 7ರ ನಂತರ 35 ನಿಮಿಷಕ್ಕೆ 110 ಯೂರೋ. ಇದು ತಲೆಗಲ್ಲ, ಇಡೀ ದೋಣಿಗೆ, ಐದು ಜನ ಕೂರಬಹುದು. ನಮ್ಮ ಏಜೆನ್ಸಿ ತಲೆಗೆ ಲೆಕ್ಕ ಹಾಕಿ ದುಡ್ಡು ತೆಗೆದುಕೊಂಡಿತ್ತು. ಅಲ್ಲಿ ಹೋದರೆ ಗುರುತಿಲ್ಲದ ದಂಪತಿಯ ಜೊತೆ ಕೂರಿಸಿದರು. ಪ್ರೈವೇಟ್ ಅಂದಿದ್ದರಲ್ಲ ಎಂದು ಕೇಳಿದರೆ, ನಮ್ಮ ಬುಕಿಂಗ್ ಹಂಚಿಕೊಳ್ಳುವ ದೋಣಿಗೇ ಆಗಿದೆ ಎಂದು ಚೀಟಿ ತೋರಿಸಿದರು. ಇದನ್ನು ಇಲ್ಲಿಂದ ಬುಕ್ ಮಾಡುವ ಅಗತ್ಯವೇ ಇಲ್ಲ. ಕಟ್ಟೆಗೆ ಹೋಗಿ, ದರ ಮತ್ತು ಸಮಯ ಎರಡನ್ನೂ ಮೊದಲು ಮಾತಾಡಿ ಹತ್ತಿ. ಹಾಡುಗಾರರು ಬೇಕೆಂದರೆ ಅದಕ್ಕೆ ಬೇರೆ ದುಡ್ಡು. ಸುಮ್ನೆ ಒಮ್ಮೆ ಗೊಂಡೋಲಾದಲ್ಲಿ ಕಾಲಿಟ್ಟರೆ ಸಾಕು ಅನ್ನುವವರಿಗೆ ಸಾಂತಾ ಸೋಫಿಯಾದಿಂದ ರಿಯಾಲ್ಟೊ ಮಾರುಕಟ್ಟೆಗೆ ಗ್ರ್ಯಾಂಡ್ ಕೆನಾಲ್ ದಾಟಿಸುವ ತ್ರಾಗೆತ್ತೊ ಎಂಬ ಗೊಂಡೋಲಾ ಇದೆ. 2 ಯೂರೋ.

ನಾವು ಮಂಗಳೂರು ಕಡೆಯವರು, ಅಪ್ಪನಿಗೆ ಮೀನು ಅಂದರೆ ಪ್ರಾಣ. ಸಾನ್ ಮಾರ್ಕೊ ಹತ್ತಿರದ ಒಂದು ಹೋಟೆಲಿನಲ್ಲಿ ತಟ್ಟೆಯಲ್ಲಿ ತಾಜಾ ಮೀನು ತಂದು ತೋರಿಸಿದರು, ಮೆನುವಿನ ಬೆಲೆಯೂ ಸಾಧಾರಣವಾಗಿತ್ತು. ಬಿಲ್ ಬಂದಾಗ ಹತ್ತು ಪಟ್ಟಿಗೂ ಜಾಸ್ತಿ. ಮೆನುವಿನಲ್ಲಿ ಬೆಲೆಯ ಪಕ್ಕ ಸಣ್ಣಕ್ಷರದಲ್ಲಿ ‘ಎತ್ತೊ’ ಎಂದಿತ್ತು, ಅಂದರೆ 100 ಗ್ರಾಂಗೆ ಅಷ್ಟು. ಇಡೀ ಮೀನಿನ ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ ಎಂದು ಒಲೆಗೆ ಹಾಕುವ ಮೊದಲೇ ಹೇಳಿಸಿ. 2018ರಲ್ಲಿ ನಾಲ್ವರು ಜಪಾನಿ ವಿದ್ಯಾರ್ಥಿಗಳಿಗೆ ವೆನಿಸ್‌ನ ಒಂದು ಊಟಕ್ಕೆ 1,100 ಯೂರೋಗೂ ಹೆಚ್ಚು ಬಿಲ್ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಕೂತು ಕುಡಿದರೆ ಕಾಫಿಗೆ ಒಂದು ಬೆಲೆ, ನಿಂತು ಕುಡಿದರೆ ಇನ್ನೊಂದು. ಸಾನ್ ಮಾರ್ಕೊ ಚೌಕದ ಕೆಫೆಗಳಲ್ಲಿ ವಾದ್ಯ ನುಡಿಸುತ್ತಿದ್ದರೆ ಅದಕ್ಕೂ ಬಿಲ್ಲಿನಲ್ಲಿ ಒಂದು ಸಾಲು ಸೇರುತ್ತದೆ. ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಮಷೀನ್ ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ಕೊಡಿ. ರೂಪಾಯಿ ಒಪ್ಪಿದರೆ ಅವರಿಗೆ ಬೇಕಾದ ವಿನಿಮಯ ದರ ಹಾಕುತ್ತಾರೆ.

ನಾವು ಹೋದದ್ದು ನವೆಂಬರ್. ಅದು ಸಮುದ್ರ ಉಕ್ಕಿ ಊರೊಳಗೆ ನೀರು ಬರುವ ಕಾಲ. 2019ರ ನವೆಂಬರ್ 12ರಂದು ಸಮುದ್ರದ ನೀರಿನ ಮಟ್ಟ ಊರಿನ ಅಳತೆಗೋಲಿನಲ್ಲಿ 187 ಸೆಂಟಿಮೀಟರ್ ತಲುಪಿತ್ತು. ಈಗ ಮೋಸೆ ಎಂಬ ತಡೆಗೇಟುಗಳಿವೆ, 2020ರ ಅಕ್ಟೋಬರ್ 3ರಂದು ಮೊದಲ ಸಲ ಎತ್ತಿದರು. ಹಾಗಾಗಿ ನೀರಿನ ಯೋಚನೆಯೇ ಬೇಡ ಎಂದು ಏಜೆನ್ಸಿಯವರು ಹೇಳಿದ್ದರು. ಆದರೆ ಗೇಟು ಎತ್ತುವುದು ಸಾಮಾನ್ಯವಾಗಿ 110 ಸೆಂಟಿಮೀಟರ್ ಮುನ್ಸೂಚನೆ ಇದ್ದಾಗ. ಸಾನ್ ಮಾರ್ಕೊ ಚೌಕ ಊರಿನ ತಗ್ಗು ಜಾಗ, ಅದಕ್ಕಿಂತ ಕಡಿಮೆ ಮಟ್ಟಕ್ಕೇ ಅಲ್ಲಿ ನೀರು ನಿಲ್ಲುತ್ತದೆ. ನಮಗೆ ಪಾದ ಮುಳುಗುವಷ್ಟು ಸಿಕ್ಕಿತು. ನಗರಸಭೆ ಪ್ರತಿದಿನ ನೀರಿನ ಮುನ್ಸೂಚನೆ ಕೊಡುತ್ತದೆ, ನೋಡಿಕೊಂಡು ಹೊರಡಿ.

ಇನ್ನೊಂದು ಹಗಲು ದರೋಡೆ ಹೇಳಲೇಬೇಕು. ‘ವೆನಿಸ್ ಪ್ರವೇಶ ಶುಲ್ಕ’ ಎಂದು ಏಜೆನ್ಸಿ ಒಬ್ಬೊಬ್ಬರಿಂದಲೂ ದುಡ್ಡು ತೆಗೆದುಕೊಂಡಿತ್ತು. ಅಂಥ ಶುಲ್ಕ ಇರುವುದು ನಿಜ, 2024ರ ಏಪ್ರಿಲ್ 25ರಂದು ಶುರುವಾಯಿತು. ಆದರೆ ಅದು ಹಗಲಲ್ಲಿ ಬಂದು ಸಂಜೆ ವಾಪಸ್ ಹೋಗುವವರಿಗೆ, ಅದೂ ವಸಂತ ಮತ್ತು ಬೇಸಿಗೆಯ ಆಯ್ದ ದಿನಗಳಲ್ಲಿ ಮಾತ್ರ. ಅಲ್ಲೇ ರಾತ್ರಿ ಉಳಿಯುವವರು ಕಟ್ಟಬೇಕಿಲ್ಲ, ಆ ದಿನಗಳಲ್ಲಿ ವಿನಾಯಿತಿಯ ನೋಂದಣಿ ಮಾಡಿಸಿದರೆ ಸಾಕು. ನವೆಂಬರ್‌ನಲ್ಲಿ ಆ ಶುಲ್ಕವೇ ಇರಲಿಲ್ಲ. ಹೋಟೆಲಿನವರು ರಾತ್ರಿಗಿಷ್ಟು ಎಂದು ಬೇರೆಯಾಗಿ ಪ್ರವಾಸಿ ತೆರಿಗೆ ಪಡೆಯುತ್ತಾರೆ, ಅದು ಸರಿಯಾದದ್ದೇ, ದೊಡ್ಡ ಹೋಟೆಲುಗಳಲ್ಲಿ ತಲೆಗೆ 5 ಯೂರೋವರೆಗೆ.

ಊರಿನ ಮೇಲೆ ನನಗೆ ಕೋಪವಿಲ್ಲ. ಕೊನೆಯ ಸಂಜೆ ನಾವೇ ಟಿಕೆಟ್ ತೆಗೆದು 1ನೇ ನಂಬರಿನ ವಪೊರೆಟ್ಟೊದಲ್ಲಿ ಕೂತೆವು. ಅದು ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಧಾನವಾಗಿ ಹೋಗುತ್ತದೆ. ರಿಯಾಲ್ಟೊ ಸೇತುವೆ, ದೀಪ ಹಚ್ಚಿದ ಮನೆಗಳು, ಕೊನೆಗೆ ಸಲೂತೆ ಚರ್ಚಿನ ಗುಮ್ಮಟ. ಅಮ್ಮನಿಗೆ ಒಂದು ಮೆಟ್ಟಿಲೂ ಹತ್ತಬೇಕಾಗಲಿಲ್ಲ. 75 ನಿಮಿಷದ ಟಿಕೆಟ್ 9.50 ಯೂರೋ. ಇಡೀ ಪ್ಯಾಕೇಜ್‌ನಲ್ಲಿ ಸಿಗದ ಖುಷಿ ಅಲ್ಲಿ ಸಿಕ್ಕಿತು.

ಬಂದ ಮೇಲೆ ದೂರು ಕೊಟ್ಟೆವು. ಟ್ರಾನ್ಸ್‌ಫರ್ ಕೊಟ್ಟಿದ್ದೇವೆ, ರೂಮ್ ಕೊಟ್ಟಿದ್ದೇವೆ, ಗೊಂಡೋಲಾ ಕೊಟ್ಟಿದ್ದೇವೆ ಎಂಬುದೇ ಏಜೆನ್ಸಿಯ ಉತ್ತರ. ಪ್ರವೇಶ ಶುಲ್ಕವನ್ನು ಮಾತ್ರ ವಾಪಸ್ ಮಾಡಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪ್ಯಾಕೇಜ್‌ಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವೂ ಇಲ್ಲ. ನಮಗೆ ಈಗ ಕೈಯಲ್ಲಿರುವ ಬಲ ಅಂದರೆ ಅಮ್ಮನ ಮಂಡಿ ನೋವಿನ ಬಗ್ಗೆ ಬರೆದ ಆ ಮೇಲ್. ಫೋನಿನಲ್ಲಿ ಏಜೆನ್ಸಿಯವರು ಏನೇ ಹೇಳಿದರೂ, ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಕಳಿಸದಿದ್ದರೆ ಮುಂಗಡ ಕಟ್ಟಬೇಡಿ.